ಹೆರಿಗೆ ದಿನಾಂಕದಿಂದ ಹಿಂದಕ್ಕೆ ಎಣಿಸಿದರೆ ಗರ್ಭ ನಿಂತ ದಿನ ಸಿಗುತ್ತದೆಯೇ?

ಎಣಿಕೆಯವಳು (ಹೊಸ ಸದಸ್ಯೆ):

ಎಲ್ಲರಿಗೂ ನಮಸ್ಕಾರ. ಇದು ನನ್ನ ಚೊಚ್ಚಲ ಬಸಿರು. ಇಲ್ಲಿನ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತಾ ಬಂದಿದ್ದರೂ ಬರೆಯುತ್ತಿರುವುದು ಇದೇ ಮೊದಲು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಬೇರೆ ಯಾರನ್ನು ಕೇಳಬೇಕೆಂದು ತಿಳಿಯದೆ ಬರೆಯುತ್ತಿದ್ದೇನೆ.

ನನಗೆ ಕೊನೆಯ ಸಲ ಮುಟ್ಟಾದದ್ದು ಏಪ್ರಿಲ್ 30ರಂದು. ಮೊಬೈಲಿನಲ್ಲಿರುವ ಒಂದು ಆ್ಯಪ್‌ಗೆ ಈ ದಿನಾಂಕವನ್ನು ಕೊಟ್ಟಾಗ ಅದು ಹೆರಿಗೆಯ ದಿನ ಫೆಬ್ರವರಿ 4 ಎಂದು ತೋರಿಸಿತು. ಅದರ ಕೆಳಗೆ ಗುಲಾಬಿ ಬಣ್ಣದ ಚೌಕದಲ್ಲಿ "ಗರ್ಭ ನಿಂತ ದಿನ: ಮೇ 14" ಎಂದಿತ್ತು. "ಸುಮಾರು" ಎಂಬ ಒಂದು ಪದವೂ ಅಲ್ಲಿರಲಿಲ್ಲ. ನನ್ನ ಪತಿ ಕೆಲಸದ ಮೇಲೆ ಮೇ 2ರ ಬೆಳಿಗ್ಗೆ ಹೊರಟವರು ಮನೆಗೆ ಮರಳಿದ್ದು ಮೇ 18ರ ರಾತ್ರಿ.

ಮೊನ್ನೆ ರಾತ್ರಿ, ಮಗು ಈ ವಾರ ಎಷ್ಟು ಬೆಳೆದಿದೆ ಎಂದು ತೋರಿಸಲು ನಾನೇ ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಓದುತ್ತಾ ಕೆಳಗೆ ಬಂದು ಆ ಚೌಕದ ಹತ್ತಿರ ನಿಂತರು. ಏನೂ ಕೇಳಲಿಲ್ಲ. ಫೋನನ್ನು ಮಗುಚಿ ಮೇಜಿನ ಮೇಲಿಟ್ಟು, "ನಾಳೆ ಬೇಗ ಏಳಬೇಕು" ಎಂದಷ್ಟೇ ಹೇಳಿ ಮಲಗಲು ಹೋದರು. ಅಂದಿನಿಂದ ನಾವಿಬ್ಬರೂ ಮಾತನಾಡುತ್ತಿದ್ದೇವೆ, ಆದರೆ ಆ ವಿಷಯ ಬಿಟ್ಟು ಉಳಿದದ್ದೆಲ್ಲವನ್ನೂ ಮಾತನಾಡುತ್ತಿದ್ದೇವೆ.

ನನ್ನ ವಿಷಯ ನನಗೆ ಗೊತ್ತು, ಅದರಲ್ಲಿ ಯಾವ ಗೊಂದಲವೂ ಇಲ್ಲ. ನನಗೆ ಬೇಕಾಗಿರುವುದು ಲೆಕ್ಕ. ಹೆರಿಗೆ ದಿನಾಂಕದಿಂದ ಹಿಂದಕ್ಕೆ ಎಣಿಸಿ ಗರ್ಭ ನಿಂತ ದಿನವನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವೇ? ಸಾಧ್ಯವಿಲ್ಲ ಎಂದಾದರೆ ಆ ಮೇ 14 ಎಲ್ಲಿಂದ ಬಂತು?

ಎರಡು ಮಕ್ಕಳ ತಾಯಿ:

ನಿಮಗೆ ಸಾಮಾನ್ಯವಾಗಿ ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತದೆ? ಅದನ್ನು ಹೇಳದೆ ಇಲ್ಲಿ ಯಾರೂ ಏನನ್ನೂ ಹೇಳಲು ಬರುವುದಿಲ್ಲ.

ನೇರಮಾತು:

ನೋವಾದರೆ ಕ್ಷಮಿಸಿ, ಆದರೆ ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮುಟ್ಟಿನಿಂದ ಹೆರಿಗೆಗೆ 280 ದಿನ, ಗರ್ಭ ನಿಂತದ್ದರಿಂದ ಹೆರಿಗೆಗೆ 266 ದಿನ. ಇದು ವೈದ್ಯಕೀಯ ಪುಸ್ತಕಗಳಲ್ಲಿರುವ ಲೆಕ್ಕ, ಆ್ಯಪ್ ತಾನಾಗಿ ಕಟ್ಟಿದ್ದಲ್ಲ. ಫೆಬ್ರವರಿ 4ರಿಂದ 266 ದಿನ ಹಿಂದಕ್ಕೆ ಹೋದರೆ ಮೇ 14 ಬರುತ್ತದೆ. ಮನಸ್ಸಿನಲ್ಲಿ ಸಂಶಯ ಇಟ್ಟುಕೊಂಡು ಬದುಕುವುದಕ್ಕಿಂತ ಡಿಎನ್‌ಎ ಪರೀಕ್ಷೆ ಮಾಡಿಸಿ ಒಮ್ಮೆಗೇ ಮುಗಿಸುವುದು ಇಬ್ಬರಿಗೂ ಒಳ್ಳೆಯದು.

ಲೆಕ್ಕಿಗ:

ನೇರಮಾತು ಅವರೇ, ನೀವು ಕಳೆದದ್ದು ಸರಿಯಾಗಿದೆ, ಆದರೆ ಯಾವುದರಿಂದ ಕಳೆದಿರಿ ಎಂಬುದನ್ನು ನೋಡಲಿಲ್ಲ. ಆ್ಯಪ್‌ಗೆ ಈ ತಂಗಿ ಕೊಟ್ಟಿರುವುದು ಒಂದೇ ಒಂದು ಮಾಹಿತಿ, ಮುಟ್ಟಾದ ಮೊದಲ ದಿನ. ಆ ದಿನಕ್ಕೆ ಅದು 280 ಕೂಡಿಸಿ ಹೆರಿಗೆ ದಿನಾಂಕ ಎಂದಿತು. ಅದೇ ಹೆರಿಗೆ ದಿನಾಂಕದಿಂದ 266 ಕಳೆದು ಗರ್ಭ ನಿಂತ ದಿನ ಎಂದಿತು. ಕೂಡಿದ್ದನ್ನೂ ಕಳೆದದ್ದನ್ನೂ ಒಟ್ಟಿಗೆ ನೋಡಿದರೆ ಅದು ಮಾಡಿರುವುದು ಇಷ್ಟೇ: ಏಪ್ರಿಲ್ 30ಕ್ಕೆ 14 ದಿನ ಸೇರಿಸಿದೆ. ಮಗುವನ್ನು ಅದು ನೋಡಿಲ್ಲ, ಅಂಡಾಣು ಯಾವಾಗ ಹೊರಬಂತು ಎಂಬುದೂ ಅದಕ್ಕೆ ಗೊತ್ತಿಲ್ಲ. ಮುಂದಕ್ಕೆ ಹೋಗಿ ಹಿಂದಕ್ಕೆ ಬಂದದ್ದರಿಂದ ಹೊಸದಾಗಿ ಏನೋ ಕಂಡುಹಿಡಿದಂತೆ ಕಾಣುತ್ತದೆ, ಅಷ್ಟೇ.

ಆ 14 ಎಲ್ಲಿಂದ ಬಂತು ಎಂದರೆ, ಪ್ರತಿಯೊಬ್ಬ ಮಹಿಳೆಗೂ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತದೆ, 14ನೇ ದಿನವೇ ಅಂಡ ಬಿಡುಗಡೆಯಾಗುತ್ತದೆ ಎಂಬ ಊಹೆಯಿಂದ ಬಂತು. ವಾಸ್ತವದಲ್ಲಿ ಹಾಗಿರುವುದಿಲ್ಲ. ಋತುಚಕ್ರಕ್ಕೆ ಎರಡು ಭಾಗಗಳಿವೆ. ಅಂಡಾಣು ಬಲಿತು ಹೊರಬರುವ ತನಕದ ಮೊದಲ ಭಾಗ ಕೆಲವರಲ್ಲಿ ಹತ್ತು ದಿನ, ಕೆಲವರಲ್ಲಿ ಇಪ್ಪತ್ತು ದಿನ, ಒಬ್ಬರಲ್ಲೇ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಅಂಡಾಣು ಹೊರಬಂದ ಜಾಗದಲ್ಲಿ ಉಳಿಯುವ ಕೋಶಗುಚ್ಛವು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಗರ್ಭ ನಿಲ್ಲದಿದ್ದರೆ ಅದು ಸುಮಾರು ಎರಡು ವಾರಗಳಲ್ಲಿ ಬಾಡಿಹೋಗಿ ಮುಟ್ಟು ಬರುತ್ತದೆ. ಆದ್ದರಿಂದ ಎರಡನೆಯ ಭಾಗ ಹೆಚ್ಚುಕಡಿಮೆ ಸ್ಥಿರ. ಎಂದರೆ ಅಂಡ ಬಿಡುಗಡೆಯ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸುವುದಕ್ಕಿಂತ ಮುಂದಿನ ಮುಟ್ಟು ಬರಬೇಕಾಗಿದ್ದ ದಿನದಿಂದ ಹಿಂದಕ್ಕೆ ಎಣಿಸುವುದು ಸತ್ಯಕ್ಕೆ ಹತ್ತಿರ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 14ನೇ ದಿನವಲ್ಲ, 21ನೇ ದಿನದ ಆಸುಪಾಸು.

ಇದು ನನ್ನ ಊಹೆಯಲ್ಲ. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭ ನಿಲ್ಲಬಹುದಾದ ದಿನಗಳು ಪೂರ್ತಿಯಾಗಿ 10ರಿಂದ 17ನೇ ದಿನದೊಳಗೆ ಬಂದದ್ದು ನೂರರಲ್ಲಿ ಸುಮಾರು ಮೂವತ್ತು ಮಹಿಳೆಯರಿಗೆ ಮಾತ್ರ.

ನೇರಮಾತು:

ಹಾಗಾದರೆ ವೈದ್ಯರೂ ಅದೇ 280ರ ಲೆಕ್ಕವನ್ನೇ ಏಕೆ ಬಳಸುತ್ತಾರೆ? ತಪ್ಪು ಲೆಕ್ಕ ಎಂದು ಗೊತ್ತಿದ್ದೂ ಬಳಸುತ್ತಾರೆಯೇ?

ನಿವೃತ್ತ ದಾದಿ:

ಅದಕ್ಕೆ ನಾನು ಉತ್ತರಿಸುತ್ತೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆಯೇ "ಕೊನೆಯ ಮುಟ್ಟು ಯಾವಾಗ ಆಯಿತು" ಎಂಬುದು, ಏಕೆಂದರೆ ಬಹುಪಾಲು ಹೆಂಗಸರಿಗೆ ನೆನಪಿರುವ, ಕಣ್ಣಿಗೆ ಕಂಡಿರುವ ದಿನ ಅದೊಂದೇ. ಅಂಡಾಣು ಹೊರಬಂದದ್ದು ಯಾರಿಗೂ ಕಾಣುವುದಿಲ್ಲ, ಅದು ವೀರ್ಯಾಣುವಿನೊಂದಿಗೆ ಕೂಡಿದ್ದೂ ಕಾಣುವುದಿಲ್ಲ. ಕಾಣದ ದಿನದಿಂದ ಎಣಿಸುವುದಕ್ಕಿಂತ ಕಂಡ ದಿನದಿಂದ ಎಣಿಸಿದರೆ ಎಲ್ಲರ ಲೆಕ್ಕವೂ ಒಂದೇ ಅಳತೆಗೋಲಿನಲ್ಲಿ ಇರುತ್ತದೆ ಎಂಬುದಷ್ಟೇ ಅದರ ಹಿಂದಿನ ವಿಚಾರ.

ನಮ್ಮ ಕೈಯಲ್ಲಿ ಒಂದು ರಟ್ಟಿನ ಚಕ್ರ ಇರುತ್ತಿತ್ತು. ಒಂದರ ಮೇಲೊಂದು ಎರಡು ವೃತ್ತ, ನಡುವೆ ಒಂದು ಗುಂಡಿ. ಒಳಗಿನ ವೃತ್ತದ ಬಾಣವನ್ನು ಮುಟ್ಟಿನ ದಿನಕ್ಕೆ ಹೊಂದಿಸಿದರೆ 40 ವಾರ ಎಂದು ಬರೆದ ಗೆರೆ ಯಾವ ದಿನದ ಎದುರು ನಿಲ್ಲುತ್ತದೋ ಅದೇ ಹೆರಿಗೆಯ ದಿನ. ವರ್ಷಗಟ್ಟಲೆ ತಿರುಗಿಸಿ ಗುಂಡಿ ಸಡಿಲವಾಗಿ, ಬೆರಳು ಸ್ವಲ್ಪ ಜಾರಿದರೆ ಎರಡು ದಿನ ಆಚೀಚೆ ಆಗುತ್ತಿತ್ತು. ಎರಡು ಬೇರೆ ಬೇರೆ ಚಕ್ರಗಳನ್ನು ಪಕ್ಕಪಕ್ಕ ಇಟ್ಟರೆ ಅವುಗಳ ಉತ್ತರವೇ ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಾವು ಅದನ್ನು ತಪಾಸಣೆಯ ಚೀಟಿಯಲ್ಲಿ ಬರೆಯುತ್ತಿದ್ದದ್ದು ಮಗುವಿನ ಬೆಳವಣಿಗೆ ಗಮನಿಸಲು, ಯಾವ ವಾರ ಯಾವ ಪರೀಕ್ಷೆ ಎಂದು ತಿಳಿಯಲು, ದಿನ ಮೀರಿದರೆ ಎಚ್ಚರವಾಗಿರಲು. ಆ ಕೆಲಸಕ್ಕೆ ಒಂದು ವಾರದ ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದು. ಮನೆಯೊಳಗೆ ಸಾಕ್ಷಿ ಹೇಳಿಸಲು ಆ ಲೆಕ್ಕವನ್ನು ಯಾರೂ ಮಾಡಿದ್ದಲ್ಲ.

ತಂಗಿ, ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಮೊದಲ ಮೂರು ತಿಂಗಳೊಳಗೆ ಸ್ಕ್ಯಾನ್ ಆಗಿರಬೇಕಲ್ಲವೇ? ಅದರ ವರದಿಯಲ್ಲಿ ಏನಿದೆ ಎಂದು ನೋಡಿ ಹೇಳಿ.

ಎಣಿಕೆಯವಳು:

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನನಗೆ 28 ದಿನಕ್ಕೆ ಎಂದೂ ಆಗಿಲ್ಲ. ಡೈರಿಯಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಇರುವುದರಿಂದ ನೋಡಿದೆ: ಕಳೆದ ಆರು ತಿಂಗಳಲ್ಲಿ 34, 33, 36, 35, 34, 35 ದಿನಗಳ ಅಂತರವಿದೆ. ಆ್ಯಪ್ ಅದನ್ನು ಕೇಳಿತ್ತೋ ಇಲ್ಲವೋ ನೆನಪಿಲ್ಲ.

ಸ್ಕ್ಯಾನ್ ವರದಿ ಈಗ ಕೈಯಲ್ಲಿದೆ. ಅದನ್ನು ಓದಿದ ಮೇಲೆ ಭಯ ಇನ್ನೂ ಹೆಚ್ಚಾಗಿದೆ. ಜೂನ್ 26ರಂದು ಸ್ಕ್ಯಾನ್ ಆಗಿದೆ. "ಎಲ್‌ಎಂಪಿ ಪ್ರಕಾರ 8 ವಾರ 1 ದಿನ, ಸಿಆರ್‌ಎಲ್ 11 ಮಿ.ಮೀ., ಅದರ ಪ್ರಕಾರ 7 ವಾರ 2 ದಿನ, ಇಡಿಡಿ ಫೆಬ್ರವರಿ 10" ಎಂದಿದೆ. ಎಲ್‌ಎಂಪಿ ಎಂದರೆ ಕೊನೆಯ ಮುಟ್ಟು, ಇಡಿಡಿ ಎಂದರೆ ಹೆರಿಗೆಯ ಅಂದಾಜು ದಿನ ಎಂಬಷ್ಟು ಗೊತ್ತು. ಮಗುವಿನ ವಯಸ್ಸು 7 ವಾರ 2 ದಿನ ಎಂದರೆ 51 ದಿನ. ಜೂನ್ 26ರಿಂದ 51 ದಿನ ಹಿಂದಕ್ಕೆ ಎಣಿಸಿದರೆ ಮೇ 6 ಬರುತ್ತದೆ. ಆಗಲೂ ಅವರು ಇಲ್ಲಿರಲಿಲ್ಲ. ಮೂರು ಸಲ ಎಣಿಸಿದೆ, ಮೂರು ಸಲವೂ ಅದೇ ಬಂತು. ಸ್ಕ್ಯಾನ್ ಯಂತ್ರವಂತೂ ಊಹೆ ಮಾಡುವುದಿಲ್ಲವಲ್ಲ. ಇದನ್ನು ಅವರಿಗೆ ತೋರಿಸುವುದಾದರೂ ಹೇಗೆ?

ಎರಡು ಮಕ್ಕಳ ತಾಯಿ:

ತಡೆಯಿರಿ, ಗಾಬರಿಯಾಗಬೇಡಿ, ವರದಿಯನ್ನು ಎಲ್ಲೂ ಬಚ್ಚಿಡಬೇಡಿ. ಆ 7 ವಾರ ಮಗುವಿನ ನಿಜವಾದ ವಯಸ್ಸಲ್ಲ. ತಿಳಿದವರು ಯಾರಾದರೂ ಬಿಡಿಸಿ ಹೇಳುತ್ತೀರಾ?

ಸ್ಕ್ಯಾನ್ ಕೋಣೆಯಿಂದ:

ನಾನು ಅಲ್ಟ್ರಾಸೌಂಡ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಈ ಗೊಂದಲವನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, ಮತ್ತು ವರದಿಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ವಿವರಿಸುವುದಿಲ್ಲವಲ್ಲ ಎಂದು ಪ್ರತಿ ಸಲವೂ ಬೇಸರಪಡುತ್ತೇನೆ.

ವರದಿಯಲ್ಲಿರುವ ವಾರಗಳು ಗರ್ಭದ ವಾರಗಳು, ಭ್ರೂಣದ ವಯಸ್ಸಲ್ಲ. ಗರ್ಭದ ವಾರಗಳನ್ನು ಯಾವಾಗಲೂ ಮುಟ್ಟಿನ ಮೊದಲ ದಿನದಿಂದಲೇ ಎಣಿಸಲಾಗುತ್ತದೆ. ಹಾಗಾಗಿ ಅದರ ಮೊದಲ ಎರಡು ವಾರಗಳಲ್ಲಿ ಗರ್ಭವೇ ಇರುವುದಿಲ್ಲ. ಸ್ಕ್ಯಾನ್‌ನಲ್ಲಿ ನಾವು ಭ್ರೂಣದ ಉದ್ದವನ್ನು ಅಳೆಯುತ್ತೇವೆ, ನೆತ್ತಿಯಿಂದ ಪೃಷ್ಠದವರೆಗೆ. ಅದನ್ನೇ ಸಿಆರ್‌ಎಲ್ ಎನ್ನುವುದು. ಗ್ಲಾಸ್ಗೋ ನಗರದಲ್ಲಿ ಹ್ಯೂ ರಾಬಿನ್ಸನ್ ಅವರು 1973ರಲ್ಲಿ ಈ ಅಳತೆಯಿಂದ ಗರ್ಭದ ವಾರಗಳನ್ನು ತಿಳಿಯುವ ವಿಧಾನವನ್ನು ಪ್ರಕಟಿಸಿದರು. ಆ ಉದ್ದವನ್ನು ಯಂತ್ರವು ವಾರಗಳಾಗಿ ಬದಲಾಯಿಸುವಾಗ, ಎಲ್ಲರ ಲೆಕ್ಕವೂ ಒಂದೇ ಅಳತೆಗೋಲಿನಲ್ಲಿ ಇರಲೆಂದು, ಆ ಎರಡು ವಾರಗಳನ್ನೂ ಸೇರಿಸಿಯೇ ತೋರಿಸುತ್ತದೆ. ಅಕ್ಕ, ನೀವು ಎಣಿಸಿ ತಲುಪಿದ ಮೇ 6 ಗರ್ಭ ನಿಂತ ದಿನವಲ್ಲ. ನಿಮ್ಮ ಚಕ್ರ 28 ದಿನದ್ದಾಗಿದ್ದರೆ ಯಾವ ದಿನ ಮುಟ್ಟಾಗಿರಬೇಕಿತ್ತೋ ಆ ಕಾಲ್ಪನಿಕ ದಿನ ಅದು. ಅದಕ್ಕೆ 14 ಸೇರಿಸಿದರೆ ಮೇ 20. ಫೆಬ್ರವರಿ 10ರಿಂದ 266 ದಿನ ಹಿಂದಕ್ಕೆ ಬಂದರೂ ಮೇ 20ಕ್ಕೇ ಬಂದು ನಿಲ್ಲುತ್ತೀರಿ.

ಇನ್ನು ನಿಮ್ಮ ಡೈರಿಯ ಲೆಕ್ಕವನ್ನು ಇದರ ಪಕ್ಕಕ್ಕಿಡಿ. 35 ದಿನದ ಚಕ್ರ ಎಂದುಕೊಂಡರೆ 21 ದಿನಕ್ಕೆ, ಎಂದರೆ ಮೇ 21ರ ಸುಮಾರಿಗೆ ಅಂಡ ಬಿಡುಗಡೆಯಾಗಬೇಕು. 34 ದಿನದ್ದಾದರೆ ಮೇ 20. ಯಂತ್ರಕ್ಕೆ ನಿಮ್ಮ ಡೈರಿ ಗೊತ್ತಿಲ್ಲ, ಡೈರಿಗೆ ಯಂತ್ರ ಗೊತ್ತಿಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರಿವೆ. ಏಪ್ರಿಲ್ 30ರ ಲೆಕ್ಕವೇ ಸರಿಯಾಗಿದ್ದರೆ ಜೂನ್ 26ರಂದು ಭ್ರೂಣ 16–17 ಮಿ.ಮೀ. ಇರಬೇಕಿತ್ತು. ಆ ದಿನಗಳಲ್ಲಿ ಅದು ದಿನಕ್ಕೆ ಸುಮಾರು ಒಂದು ಮಿ.ಮೀ. ಬೆಳೆಯುತ್ತದೆ. ನಿಮ್ಮದು 11 ಇತ್ತು. ಅದು ಕುಂಠಿತವಾದ ಬೆಳವಣಿಗೆ ಅಲ್ಲ, ತಡವಾಗಿ ನಿಂತ ಗರ್ಭ ಎಂದು ವೈದ್ಯರು ಭಾವಿಸಿದ್ದರಿಂದಲೇ ಇಡಿಡಿಯನ್ನು ಫೆಬ್ರವರಿ 10ಕ್ಕೆ ಬದಲಾಯಿಸಿರಬೇಕು. 9 ವಾರಕ್ಕೆ ಮುಂಚಿನ ಸ್ಕ್ಯಾನ್‌ನಲ್ಲಿ 5 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ದಿನಾಂಕವನ್ನು ಬದಲಿಸಬೇಕು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆಯ ಮಾರ್ಗಸೂಚಿಯಲ್ಲಿದೆ. ನಿಮಗೆ ಬಂದದ್ದು 6.

ಹಳೆಯ ಓದುಗ:

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಒಂದು ಮಾತು ಸೇರಿಸುತ್ತೇನೆ. 280 ದಿನಗಳ ಲೆಕ್ಕವನ್ನು ಜರ್ಮನಿಯ ಪ್ರಸೂತಿ ತಜ್ಞ ಫ್ರಾಂಟ್ಸ್ ಕಾರ್ಲ್ ನೇಗೆಲೆ (1778–1851) ಅವರ ಹೆಸರಿನಿಂದ ಕರೆಯುತ್ತಾರೆ. ಮುಟ್ಟಿನ ದಿನಕ್ಕೆ ಏಳು ದಿನ ಕೂಡಿಸು, ಮೂರು ತಿಂಗಳು ಹಿಂದಕ್ಕೆ ಹೋಗು, ಬರುವುದು ಮುಂದಿನ ವರ್ಷದ ಹೆರಿಗೆ ದಿನ ಎಂಬುದು ಆ ಸೂತ್ರ. ಇದೇ ಏಪ್ರಿಲ್ 30ನ್ನು ತೆಗೆದುಕೊಂಡು ಮಾಡಿ ನೋಡಿದೆ. ಮೊದಲು ಏಳು ದಿನ ಕೂಡಿಸಿ ಆಮೇಲೆ ಮೂರು ತಿಂಗಳು ಕಳೆದರೆ ಫೆಬ್ರವರಿ 7 ಬರುತ್ತದೆ. ಮೊದಲು ತಿಂಗಳು ಕಳೆದು ಆಮೇಲೆ ದಿನ ಕೂಡಿಸಿದರೆ ಫೆಬ್ರವರಿ 6. ಬೆರಳು ಮಡಿಚಿ 280 ದಿನ ಎಣಿಸಿದರೆ ಫೆಬ್ರವರಿ 4. ತಿಂಗಳುಗಳಲ್ಲಿ ದಿನಗಳ ಸಂಖ್ಯೆ ಒಂದೇ ಸಮ ಇಲ್ಲದಿರುವುದರಿಂದ ಹೀಗಾಗುತ್ತದೆ. ಒಂದೇ ಮುಟ್ಟು, ಒಂದೇ ಸೂತ್ರ, ಮೂರು ಉತ್ತರ. ಇದರ ಮೇಲೆ ನಿಂತು ಗರ್ಭ ನಿಂತದ್ದು ಇಂಥದೇ ದಿನ ಎಂದು ಹೇಳುವುದು ಹೇಗೆ ಸಾಧ್ಯ?

ಲೆಕ್ಕಿಗ:

ಉಪಯುಕ್ತ ಮಾತು. ಆದರೆ ಈ ಮೂರು ದಿನಗಳ ವ್ಯತ್ಯಾಸ ದೊಡ್ಡದಲ್ಲ, ಕ್ಯಾಲೆಂಡರಿನಿಂದ ಹುಟ್ಟಿದ್ದು, ಎಣಿಕೆ ಸರಿಪಡಿಸಿದರೆ ಹೋಗುತ್ತದೆ. ಅಂಡ ಬಿಡುಗಡೆಯ ದಿನದ ವ್ಯತ್ಯಾಸ ದೇಹದಿಂದ ಹುಟ್ಟಿದ್ದು, ಅದನ್ನು ಎಷ್ಟು ಎಣಿಸಿದರೂ ಸರಿಪಡಿಸಲಾಗದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ನೇರಮಾತು:

ಮುಟ್ಟಿನ ಲೆಕ್ಕದ ಬಗ್ಗೆ ನಾನು ಬರೆದದ್ದು ಅವಸರದ್ದಾಯಿತು, ಒಪ್ಪಿಕೊಳ್ಳುತ್ತೇನೆ. ಆದರೆ ಇನ್ನೊಂದು ಕಡೆಗೂ ನಾವು ಪ್ರಾಮಾಣಿಕವಾಗಿರಬೇಕು. ಸ್ಕ್ಯಾನ್ ಕೂಡ ದಿನದ ಮಟ್ಟಿಗೆ ಕರಾರುವಾಕ್ಕಲ್ಲ ಎಂದು ಓದಿದ್ದೇನೆ. ಐದು ದಿನ ಆಚೀಚೆ ಎಂದುಕೊಂಡರೆ ಮೇ 15ರಿಂದ ಮೇ 25ರವರೆಗೆ ಯಾವ ದಿನ ಬೇಕಾದರೂ ಆಗಿರಬಹುದು. ಪತಿ ಮರಳಿದ್ದು 18ರ ರಾತ್ರಿ. ಹಾಗಿರುವಾಗ ಸ್ಕ್ಯಾನ್ ವರದಿ ಎಲ್ಲವನ್ನೂ ಸಾಬೀತುಪಡಿಸಿತು ಎಂದು ಹೇಳುವುದೂ ಸರಿಯಲ್ಲ.

ಸ್ಕ್ಯಾನ್ ಕೋಣೆಯಿಂದ:

ಸರಿಯಾದ ಪ್ರಶ್ನೆ, ಸರಿಯಾದ ಉತ್ತರವೇ ಇದಕ್ಕೆ ಸಿಗಬೇಕು. ಹೌದು, 14 ವಾರದೊಳಗಿನ ಸ್ಕ್ಯಾನ್‌ನಲ್ಲೂ ಐದರಿಂದ ಏಳು ದಿನಗಳ ವ್ಯತ್ಯಾಸ ಇರಬಹುದು. ಮೊದಲ ತಿಂಗಳುಗಳಲ್ಲಿ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ, ಅದಕ್ಕಾಗಿಯೇ ಆ ಅಳತೆಗೆ ಬೆಲೆ. ದಿನ ಕಳೆದಂತೆ ಒಂದು ಮಗು ದಪ್ಪ, ಒಂದು ಸಣ್ಣ ಆಗುತ್ತಾ ಹೋಗುವುದರಿಂದ ಕೊನೆಯ ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಈ ವ್ಯತ್ಯಾಸ ಮೂರು ವಾರದವರೆಗೂ ಹೋಗುತ್ತದೆ. ಆದ್ದರಿಂದ ಸ್ಕ್ಯಾನ್ ವರದಿ ಒಂದು ದಿನವನ್ನು ಹೇಳುವುದಿಲ್ಲ, ದಿನಗಳ ಒಂದು ಹರವನ್ನು ಹೇಳುತ್ತದೆ.

ಆದರೆ ಆ ಹರವಿನ ಅಂಚಿನಲ್ಲಿ ಮೂರು ನಾಲ್ಕು ದಿನ ಇದ್ದ ಮಾತ್ರಕ್ಕೆ ಅದು ಯಾರ ಮೇಲಾದರೂ ಆರೋಪ ಹೊರಿಸುತ್ತದೆಯೇ? ಇಲ್ಲಿ ಕೇಳಿದ ಪ್ರಶ್ನೆ, ಪತಿ ಮರಳಿದ ಮೇಲೆ ಗರ್ಭ ನಿಂತಿರುವುದು ಈ ದಾಖಲೆಗಳಿಗೆ ಹೊಂದುತ್ತದೆಯೇ ಎಂಬುದು. ಪೂರ್ತಿಯಾಗಿ ಹೊಂದುತ್ತದೆ, ಹರವಿನ ನಟ್ಟನಡುವೆಯೇ ಹೊಂದುತ್ತದೆ. ಆ್ಯಪ್‌ನ ಮೇ 14 ಮಾತ್ರ ಡೈರಿಗೂ ಹೊಂದುವುದಿಲ್ಲ, ಅಳತೆಗೂ ಹೊಂದುವುದಿಲ್ಲ. ಯಾವ ದಿನಾಂಕದಿಂದಲೂ ತಂದೆ ಯಾರೆಂದು ಸಾಬೀತುಪಡಿಸಲಾಗದು, ಅಲ್ಲಗಳೆಯಲೂ ಆಗದು. ಅದಕ್ಕಿರುವುದು ಡಿಎನ್‌ಎ ಪರೀಕ್ಷೆ ಎಂಬ ನಿಮ್ಮ ಮಾತು ನಿಜ. ಆದರೆ ಆ್ಯಪ್‌ನ ಒಂದು ತಪ್ಪು ಊಹೆಯನ್ನು ಅಳಿಸಲು ಡಿಎನ್‌ಎ ಪರೀಕ್ಷೆ ಬೇಕಾಗಿಲ್ಲ, ಕ್ಯಾಲೆಂಡರ್ ಸಾಕು.

ಇನ್ನೊಂದು ವಿಷಯ. ದಂಪತಿ ಕೂಡಿದ ದಿನವೂ ಗರ್ಭ ನಿಂತ ದಿನವೂ ಒಂದೇ ಆಗಿರಬೇಕೆಂದಿಲ್ಲ. ವೀರ್ಯಾಣು ದೇಹದೊಳಗೆ ಐದು ದಿನದವರೆಗೆ ಜೀವಂತ ಇರಬಲ್ಲದು, ಅಂಡಾಣುವಿನ ಆಯುಷ್ಯ ಮಾತ್ರ ಒಂದು ದಿನಕ್ಕಿಂತ ಹೆಚ್ಚಿಲ್ಲ. ಲೆಕ್ಕಿಗ ಅವರು ಹೆಸರಿಸಿದ ವಿಲ್ಕಾಕ್ಸ್ ಅವರೇ 1995ರಲ್ಲಿ 221 ಮಹಿಳೆಯರ ಅಧ್ಯಯನದಿಂದ ತೋರಿಸಿದ್ದು ಇದನ್ನೇ: ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳಲ್ಲಿ ಕೂಡಿದಾಗ ಮಾತ್ರ ಗರ್ಭ ನಿಂತಿತ್ತು.

ಐವಿಎಫ್ ತಾಯಿ:

ದಿನ ಖಚಿತವಾಗಿ ಗೊತ್ತಿರುವವರಲ್ಲಿ ನಾನೂ ಒಬ್ಬಳು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ನನ್ನ ಮೊದಲ ಮಗುವಿನ ಅಂಡಾಣು ಮತ್ತು ವೀರ್ಯಾಣು ಪ್ರಯೋಗಾಲಯದಲ್ಲಿ ಕೂಡಿದ್ದು ಮಾರ್ಚ್ 5ರಂದು. ಐದು ದಿನ ಬೆಳೆದ ಭ್ರೂಣವನ್ನು ಗರ್ಭಕೋಶದೊಳಗೆ ಇಟ್ಟದ್ದು ಮಾರ್ಚ್ 10ರಂದು. ಐದು ದಿನದ ಭ್ರೂಣಕ್ಕೆ 261 ದಿನ ಸೇರಿಸಬೇಕು, ಹಾಗಾಗಿ ಹೆರಿಗೆ ದಿನಾಂಕ ನವೆಂಬರ್ 26. ಇದರಲ್ಲಿ ಊಹೆ ಎಂಬುದೇ ಇಲ್ಲ, ಎಲ್ಲವೂ ಕಾಗದದ ಮೇಲಿದೆ. ಮಗಳು ಹುಟ್ಟಿದ್ದು ನವೆಂಬರ್ 17ಕ್ಕೆ. ಎರಡನೆಯ ಮಗುವೂ ಹಾಗೆಯೇ ಲೆಕ್ಕವಿಟ್ಟು ಆದದ್ದು, ಅವನು ದಿನ ತುಂಬಿ ಇನ್ನೂ ನಾಲ್ಕು ದಿನ ಕಳೆದ ಮೇಲೆ ಹುಟ್ಟಿದ. ಒಬ್ಬಳೇ ತಾಯಿ, ಎರಡೂ ಸಲ ದಿನ ಗೊತ್ತಿತ್ತು, ಆದರೂ ಇಬ್ಬರ ನಡುವೆ 13 ದಿನಗಳ ಅಂತರ. ಅಂಡ ಬಿಡುಗಡೆಯ ದಿನವನ್ನು ಹಾರ್ಮೋನ್ ಪರೀಕ್ಷೆಯಿಂದ ಗುರುತಿಸಿದ 125 ಗರ್ಭಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅವಧಿಪೂರ್ವ ಹೆರಿಗೆಗಳನ್ನು ಬಿಟ್ಟ ಮೇಲೂ ಗರ್ಭದ ಅವಧಿ ಐದು ವಾರದಷ್ಟು ಹೆಚ್ಚುಕಡಿಮೆ ಇತ್ತು ಎಂದು ಓದಿದ್ದೇನೆ. ನೂರು ಮಕ್ಕಳಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಹುಟ್ಟುವವರು ನಾಲ್ಕೈದು ಮಾತ್ರ.

ಎಣಿಕೆಯವಳು ಅವರೇ, ಮಗು ಹುಟ್ಟಿದ ಮೇಲೆ ಯಾರಾದರೂ ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಲು ಕುಳಿತರೆ, ದಯವಿಟ್ಟು ಆ ಚರ್ಚೆಗೆ ಅವಕಾಶವನ್ನೇ ಕೊಡಬೇಡಿ. ಅದು ಈ ಎಲ್ಲ ಲೆಕ್ಕಗಳಿಗಿಂತ ಹೆಚ್ಚು ತಪ್ಪುವ ಲೆಕ್ಕ.

ಅಣ್ಣನಾದವನು:

ಐವಿಎಫ್ ತಾಯಿ ಅವರ ಕೊನೆಯ ಮಾತನ್ನು ಅನುಭವಿಸಿದವರು ನಾವು. ನನ್ನ ತಂಗಿಗೆ ಮದುವೆಯಾಗಿ ಸರಿಯಾಗಿ ಎಂಟು ತಿಂಗಳಿಗೆ ಮಗು ಹುಟ್ಟಿತು. ಮಗು ಆರೋಗ್ಯವಾಗಿತ್ತು, ತೂಕ ಚೆನ್ನಾಗಿತ್ತು, ಅದೇ ಕೆಲವರ ಕಣ್ಣಿಗೆ ಅಪರಾಧವಾಯಿತು. "ಎಂಟು ತಿಂಗಳ ಕೂಸು ಇಷ್ಟು ದುಂಡಗಿರುತ್ತದೆಯೇ" ಎಂದು ತೊಟ್ಟಿಲ ಪಕ್ಕದಲ್ಲೇ ನಿಂತು ಬೆರಳು ಮಡಿಚಿ ಎಣಿಸಿದವರಿದ್ದರು. ಲೆಕ್ಕ ಹೀಗಿತ್ತು: ಮದುವೆಗೆ ಎರಡು ವಾರ ಮುಂಚೆ ಅವಳಿಗೆ ಮುಟ್ಟಾಗಿತ್ತು, ಮದುವೆಯಾದ ದಿನಗಳಲ್ಲೇ ಗರ್ಭ ನಿಂತಿತ್ತು, 37 ವಾರ ತುಂಬಿದಾಗ ಹೆರಿಗೆಯಾಯಿತು. 37ರಿಂದ ಎರಡು ವಾರ ಕಳೆದರೆ 35 ವಾರ, ಅದು ಎಂಟು ತಿಂಗಳು. ಆಸ್ಪತ್ರೆಯವರ ಎಣಿಕೆಯಲ್ಲಿ ಅವಧಿಪೂರ್ವವಲ್ಲದ ಮಗು, ಜನರ ಎಣಿಕೆಯಲ್ಲಿ ಎಂಟನೆಯ ತಿಂಗಳಿನದು. ನನ್ನ ತಂಗಿ ಆ ವಾರವಿಡೀ ಕೋಣೆಯ ಬಾಗಿಲು ಹಾಕಿಕೊಂಡು ಮಗುವಿಗೆ ಹಾಲೂಡುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಗ ನನಗೆ ಈ ಲೆಕ್ಕ ತಿಳಿದಿರಲಿಲ್ಲ. ತಿಳಿದಿದ್ದರೆ ಅಲ್ಲೇ ಎದ್ದು ನಿಂತು ಹೇಳುತ್ತಿದ್ದೆ.

ತಡವಾಗಿ ತಿಳಿದವಳು:

ನನ್ನದು ಇದಕ್ಕೆ ತದ್ವಿರುದ್ಧ. ಗರ್ಭ ನಿಂತ ಮೇಲೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವ ಹೊತ್ತಿಗೆ ಕೆಲವರಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆಯಂತೆ. ಅದು ಸಾಮಾನ್ಯವಾಗಿ ಮುಟ್ಟು ಬರಬೇಕಾದ ದಿನಗಳ ಹತ್ತಿರಹತ್ತಿರವೇ ಬರುವುದರಿಂದ ನಾನು ಅದನ್ನೇ ಮುಟ್ಟು ಎಂದುಕೊಂಡೆ. ಎರಡೇ ದಿನ, ಅದೂ ಕಂದು ಬಣ್ಣದ ಕಲೆಯಷ್ಟು ಹೋಯಿತಲ್ಲ ಎಂದು ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಆ ದಿನಾಂಕವನ್ನೇ ವೈದ್ಯರಿಗೆ ಹೇಳಿದೆ. ಸ್ಕ್ಯಾನ್ ಮಾಡಿದಾಗ ಮಗು ನಾನು ಹೇಳಿದ್ದಕ್ಕಿಂತ ಸುಮಾರು ನಾಲ್ಕು ವಾರ ದೊಡ್ಡದಿತ್ತು. ಅಂದರೆ ನನಗೆ ಮುಟ್ಟಾಯಿತು ಎಂದುಕೊಂಡಿದ್ದ ದಿನ ನಾನಾಗಲೇ ಗರ್ಭಿಣಿ. ಆದ್ದರಿಂದ ಲೆಕ್ಕ ಶುರುಮಾಡುವ ಮುನ್ನ ಆ ಮುಟ್ಟು ಎಂದಿನಂತೆ ಇತ್ತೇ ಎಂದು ನೋಡಿಕೊಳ್ಳುವುದು ಅಗತ್ಯ.

ನಿವೃತ್ತ ದಾದಿ:

ಇದನ್ನು ನಾನೂ ಎಷ್ಟೋ ಸಲ ಕಂಡಿದ್ದೇನೆ. ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ ಕೂಡಲೇ ಗರ್ಭ ನಿಂತವರಲ್ಲಿ, ಹಾಲೂಡಿಸುತ್ತಿರುವಾಗಲೇ ಮತ್ತೆ ಬಸಿರಾದವರಲ್ಲಿ, ಮುಟ್ಟು ಏರುಪೇರಾಗುವ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇರುವವರಲ್ಲಿ ಮುಟ್ಟಿನ ಲೆಕ್ಕವನ್ನು ನಂಬಲಾಗದು. ಅಂಥವರಿಗೆ ಆರಂಭದ ಸ್ಕ್ಯಾನ್ ಒಂದೇ ಆಧಾರ.

ತಂಗಿ, ವರದಿಯನ್ನು ಇಂದೇ ನಿಮ್ಮವರ ಮುಂದಿಡಿ. ನೀವು ವಾದಿಸಬೇಡಿ, ಅಳಬೇಡಿ. ಕ್ಯಾಲೆಂಡರನ್ನು ಅವರ ಕೈಗೇ ಕೊಟ್ಟು ಎಣಿಸಲು ಹೇಳಿ.

ಎಣಿಕೆಯವಳು:

ಎರಡು ದಿನ ಇತ್ತ ಬರಲಾಗಲಿಲ್ಲ. ದಾದಿಯಮ್ಮ ಹೇಳಿದಂತೆಯೇ ಮಾಡಿದೆ. ಊಟವಾದ ಮೇಲೆ ಸ್ಕ್ಯಾನ್ ವರದಿ, ನನ್ನ ಡೈರಿ, ಗೋಡೆಯ ಕ್ಯಾಲೆಂಡರ್ ಮೂರನ್ನೂ ಮೇಜಿನ ಮೇಲಿಟ್ಟೆ. ಮೊದಲು ಅವರೂ ನನ್ನಂತೆಯೇ ಜೂನ್ 26ರಿಂದ 51 ದಿನ ಹಿಂದಕ್ಕೆ ಹೋಗಿ ಮೇ 6ರ ಮೇಲೆ ಪೆನ್ಸಿಲ್ ಇಟ್ಟು ನನ್ನ ಮುಖ ನೋಡಿದರು. ಆಗ ನಾನು ಸ್ಕ್ಯಾನ್ ಕೋಣೆಯವರ ಉತ್ತರವನ್ನು ಓದಿ ಹೇಳಿದೆ. ಅವರು ಹದಿನಾಲ್ಕು ಮನೆ ಒಂದೊಂದಾಗಿ ಮುಂದಕ್ಕೆ ಎಣಿಸಿ 20ಕ್ಕೆ ಬಂದರು. ಆಮೇಲೆ ಡೈರಿಯ ಆರು ತಿಂಗಳನ್ನೂ ತಾವೇ ಕೂಡಿ ಭಾಗಿಸಿ 34 ಚಿಲ್ಲರೆ ಎಂದು ಬರೆದುಕೊಂಡರು. ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ನೋಡಿದಾಗ ಅಲ್ಲಿ ಚಕ್ರದ ಅವಧಿ 28 ಎಂದಿತ್ತು, ನಾನು ಹಾಕಿದ್ದಲ್ಲ, ಅದರಲ್ಲಿ ಮೊದಲೇ ಇದ್ದದ್ದು. ಅವರೇ ಅದನ್ನು 34 ಮಾಡಿದರು. ಗುಲಾಬಿ ಚೌಕದಲ್ಲಿ ಮೇ 20 ಎಂದು ಬಂತು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅಂದೇ ಕೇಳಬೇಕಿತ್ತು, ಕೇಳಲು ನಾಚಿಕೆಯಾಯಿತು, ಕೇಳದೆ ಇನ್ನೂ ಕೆಟ್ಟದ್ದು ಮಾಡಿದೆ" ಎಂದರು. ನನಗೂ ಅವರ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ, ಅದನ್ನು ಅವರಿಗೆ ಹೇಳಿದ್ದೇನೆ. ನಿಮ್ಮೆಲ್ಲರ ಋಣವನ್ನು ಮರೆಯುವುದಿಲ್ಲ.

ನೇರಮಾತು:

ತಂಗಿ, ಮೊದಲ ದಿನ ನಾನು ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ನೀವು ಲೆಕ್ಕ ಕೇಳಿದ್ದಿರಿ, ನಾನು ತೀರ್ಪು ಕೊಟ್ಟೆ.

ಅಣ್ಣನಾದವನು:

ಈ ಚರ್ಚೆಯನ್ನು ತಂಗಿಗೆ ಕಳುಹಿಸಿದ್ದೇನೆ.

ಎಣಿಕೆಯವಳು:

ಇಂದು ಇನ್ನೊಂದು ಸ್ಕ್ಯಾನ್ ಆಯಿತು, ಈ ಸಲ ಇಬ್ಬರೂ ಹೋಗಿದ್ದೆವು. ಫೆಬ್ರವರಿ 10ರ ಲೆಕ್ಕದಂತೆ ಇಂದಿಗೆ 12 ವಾರ 3 ದಿನ ಆಗಬೇಕಿತ್ತು, ಯಂತ್ರ 12 ವಾರ 5 ದಿನ ಎಂದು ತೋರಿಸಿತು. ಆ ಲೆಕ್ಕಕ್ಕೆ ಹೆರಿಗೆ ಫೆಬ್ರವರಿ 8 ಆಗುತ್ತದೆ. ಮತ್ತೆ ದಿನಾಂಕ ಬದಲಾಯಿಸಬೇಕೇ? ಗರ್ಭ ನಿಂತ ದಿನವನ್ನೂ ಮೇ 18 ಎಂದು ತಿದ್ದಬೇಕೇ?

ಸ್ಕ್ಯಾನ್ ಕೋಣೆಯಿಂದ:

ಬೇಡ. 9ರಿಂದ 14 ವಾರದೊಳಗಿನ ಸ್ಕ್ಯಾನ್‌ನಲ್ಲಿ 7 ದಿನಕ್ಕಿಂತ ಹೆಚ್ಚು ಅಂತರ ಬಂದರೆ ಮಾತ್ರ ಯೋಚಿಸಬೇಕು. ಅದೂ ಮೊದಲೇ ಸ್ಕ್ಯಾನ್ ಆಗಿ ದಿನಾಂಕ ನಿಗದಿಯಾಗಿಲ್ಲದಿದ್ದರೆ. ನಿಮ್ಮದು ಎರಡೇ ದಿನ, ಅಳೆಯುವಾಗ ಮಗು ಸ್ವಲ್ಪ ಮೈ ಚಾಚಿದರೂ ಅಷ್ಟು ಬರುತ್ತದೆ. ಆರಂಭದ ಸ್ಕ್ಯಾನ್‌ನಿಂದ ನಿಗದಿಯಾದ ಫೆಬ್ರವರಿ 10 ಹಾಗೆಯೇ ಇರಲಿ. ಮುಂದಿನ ಸ್ಕ್ಯಾನ್‌ಗಳಲ್ಲಿ ಬೇರೆ ದಿನಾಂಕ ಮುದ್ರಣವಾಗಿ ಬಂದರೂ ಅದು ಮಗುವಿನ ಗಾತ್ರವನ್ನು ತಿಳಿಸಲು ಇರುವುದು, ಹೆರಿಗೆ ದಿನಾಂಕವನ್ನು ತಿದ್ದಲು ಅಲ್ಲ. ಗರ್ಭ ನಿಂತದ್ದು "ಮೇ 20ರ ಆಸುಪಾಸು" ಎಂದು ಬರೆದಿಟ್ಟುಕೊಳ್ಳಿ, "ಆಸುಪಾಸು" ಎಂಬ ಪದವನ್ನು ಬಿಡಬೇಡಿ.